ಇಲಿ ಒತಿ

ಮೊದಲ ಸಲ ಗುಂಡಿಯ ಮೇಲೆ ಮೂಡಿದ್ದು ಇಷ್ಟೇ:
ಇಲಿ ಒತಿ.
ನಾನು ಬರೆದು ಕಳಿಸಿದ್ದು, ಇಲ್ಲಿ ಒತ್ತಿ.
ಅವರ ಗುಂಡಿ ಗಿಡ್ಡ. ನಮ್ಮ ಅಕ್ಷರಕ್ಕೆ ಕಾಲಿರುತ್ತದೆಂದು
ಕಾರ್ಡಿಫಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.
ಒತ್ತು ಎನ್ನುವ ಮಾತಿಗೇ ಒತ್ತು ಬೇಕು,
ಯಾರಿಗೆ ಹೇಳಲಿ.

ಸ್ಟೇಷನ್ ಬಜಾರಿನ ಈ ಅಂಗಡಿಯಲ್ಲಿ ಮೂವತ್ತು ವರ್ಷ
ಲಗ್ನಪತ್ರಿಕೆ ಅಚ್ಚು ಹಾಕಿದೆ.
ಈಗ ಕರೆಯೋಲೆಯೆಲ್ಲ ವಾಟ್ಸಾಪಿನಲ್ಲಿ,
ಅಕ್ಷತೆಯೂ ಅಲ್ಲೇ ಬೀಳುತ್ತದೆ.
ಕಟಿಂಗ್ ಮಷೀನಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ಟಿನ್ ಹೆರಾನ್ ಎಂಬ ಕಂಪನಿಯ ಮೊಬೈಲ್ ಆಟಕ್ಕೆ
ಕನ್ನಡ ಬರೆಯುತ್ತೇನೆ, ಸಾಲಿಗೆ ಹನ್ನೊಂದು ರೂಪಾಯಿ.
ಟಿನ್ ಅಂದರೆ ತವರ, ಹೆರಾನ್ ಅಂದರೆ ಕೊಕ್ಕರೆ ಅಂದೆ.
ಹೆಂಡತಿ ಒಳಗಿಂದಲೇ ಕೇಳಿದಳು:
ತವರಿನ ಕೊಕ್ಕರೀ? ಏನ್ ಸುದ್ದಿ ತಂದದ ಅದು?

ಆಟದಲ್ಲೊಬ್ಬ ಅಂಚೆಯವಳು,
ಕಾಲುವೆ ದಾಟಿ ಕಾಗದ ಮುಟ್ಟಿಸಬೇಕು.
ಐದು ಜೀವ. ತೀರಿದರೆ ಅರ್ಧ ತಾಸು ಕಾಯಬೇಕು,
ಇಲ್ಲವೇ ಎಂಬತ್ತೊಂಬತ್ತು ರೂಪಾಯಿ.
ಸೋತಿರಿ ಎಂಬುದು ಚಂದ ಕೂಡುತ್ತದೆ, ಬಿಳಿಯ ಮೇಲೆ ಕೆಂಪು, ನಟ್ಟನಡುವೆ.
ಗೆದ್ದಿರಿ ಮಾತ್ರ
ಗೆದಿರಿ.

ಗುಂಡೇರಾಯರ ನೆನಪಾಯಿತು. ಸೀಸದ ಮೊಳೆಯ ಕಾಲದವರು,
ಒತ್ತುಗಳ ಖಾನೆಗೆ ನೋಡದೆಯೇ ಕೈ ಹಾಕುತ್ತಿದ್ದರು.
ಒಮ್ಮೆ ಒಂದೇ ಒಂದು ಉದುರಿ
ಹೆಣ್ಣ ಕಡೆಯವರು, ಬ್ರಹ್ಮಪುರ ಎಂಬಲ್ಲಿ
ಹೆಣ ಕಡೆಯವರು ಅಂತ ಅಚ್ಚಾಯಿತು.
ಮುನ್ನೂರು ಕಾರ್ಡು.
ರಾತ್ರಿಯೆಲ್ಲ ಕೂತು ಒಂದೊಂದಕ್ಕೂ
ಶಾಯಿಯಲ್ಲಿ ಕಾಲು ಬರೆದರು.
ಬೆಳಗಿನ ಚಹಾಕ್ಕೆ ಅಂದರು:
ಒತ್ತು ಅಂದ್ರ ಅಕ್ಷರದ ಚಪ್ಪಲಿ ಅಲ್ಲೋ ತಮ್ಮಾ. ಕಾಲೇ.

ನಾನು ಜಾಣತನ ಮಾಡಿದೆ. ಒತ್ತಿಲ್ಲದ ಕನ್ನಡ ಹುಡುಕಿದೆ.
ಇನ್ನೊಮ್ಮೆ ಬೇಡ, ಮರಳಿ.
ಗೆದ್ದಿರಿ ಬೇಡ, ಗೆಲುವು.
ಅಮ್ಮನನ್ನು ತೆಗೆದು ತಾಯಿ ಹಾಕಿದೆ,
ಅಪ್ಪನ ಜಾಗಕ್ಕೆ ತಂದೆ.
ಅಣ್ಣನಿಗೆ ಏನೂ ಸಿಗದೆ ಆಟದಿಂದಲೇ ಬಿಟ್ಟೆ.
ಊರುಗಳ ಪರೀಕ್ಷೆ ಮಾಡಿದೆ, ಕೆಲಸವಿಲ್ಲದ ಮಧ್ಯಾಹ್ನ:
ಆಳಂದ, ಸೇಡಂ, ಜೇವರಗಿ, ಸುರಪುರ, ಪಾಸು.
ಚಿತ್ತಾಪುರಕ್ಕೆ ಪೆಟ್ಟಾಯಿತು.
ಬ್ರಿಟನ್ ಹಾಕಿದೆ, ಬಿಟನ್ ಆಯಿತು, ಒಬ್ಬನೇ ನಕ್ಕೆ.
ಗುಲ್ಬರ್ಗಾ ಅಂತಿದ್ದಾಗ ಆಗುತ್ತಿರಲಿಲ್ಲ.
ಕಲಬುರಗಿ, ಐದೇ ಅಕ್ಷರ,
ಚಾಪೆ ಹಾಸಿ ಕಾಲು ಮಡಚಿ ಕೂತಂತೆ.

ಆದರೂ ಬರೆದೆ: ಗುಂಡಿಯನ್ನು ನಾಲ್ಕು ಪಿಕ್ಸೆಲ್ ಎತ್ತರ ಮಾಡಿ.
ಒಂದು ಭಾಷೆಗಾಗಿ ಎಲ್ಲ ಬದಲಿಸಲಾಗದು, ಕ್ಷಮಿಸಿ,
ಎಂದು ಮೂರು ನಿಮಿಷದಲ್ಲಿ ಉತ್ತರ.
ಹನ್ನೆರಡು ದಿನ ಬಿಟ್ಟು ಗ್ವೆನ್ ಎಂಬಾಕೆ ಬರೆದಳು
(ಅವಳ ಹೆಸರೂ ಗುಂಡಿಯಲ್ಲಿ ಗೆನ್):
ನಮ್ಮಜ್ಜಿಯ ವೆಲ್ಶ್ ಕೂಡ ಇದಕ್ಕೆ ಹಿಡಿಸಲಿಲ್ಲ.
ನಿಮ್ಮದು ಕೆಳಗೆ ಚೆಲ್ಲುತ್ತದೆ, ನಮ್ಮದು ಅಡ್ಡಕ್ಕೆ.
ನಮ್ಮದನ್ನು ಕೈಬಿಟ್ಟರು.
ನಿಮ್ಮದು ಎಲ್ಲೆಲ್ಲಿ ತುಂಡಾಗಿದೆ, ಚಿತ್ರ ತೆಗೆದು ಕಳಿಸಿ.

ನಲವತ್ತೊಂದು ಕಳಿಸಿದೆ.
ಮೊದಲನೆಯದರ ಕೆಳಗೆ ಬರೆದೆ: ಇದರ ಅರ್ಥ ಇಲಿ.

ನಿನ್ನೆ ಅಪ್‌ಡೇಟ್ ಬಂತು. ನಾಲ್ಕಲ್ಲ, ಮೂರು ಪಿಕ್ಸೆಲ್.
ದ್ದಿ ಕಂಡಿತು. ಲ್ಲಿ ಕಂಡಿತು, ತುದಿ ತುಸು ಸವೆದು.
ಸ್ತ್ರ ಇನ್ನೂ ಮೊಣಕಾಲು ನೀರಿನಲ್ಲಿ.

ಪಕ್ಕದ ಬ್ಯಾಗಿನಂಗಡಿಯ ಮುಬಶಿರನ ಕೈಗೆ ಕೊಟ್ಟೆ.
ಮಿರ್ಚಿ ಭಜಿ ತಿನ್ನುತ್ತಲೇ ಆಡಿದ, ಮೂರು ಸಲ ಸೋತ,
ಕಾಗದ ಕಾಲುವೆಗೆ ಬಿತ್ತು.
ಗುಂಡಿ ಓದಿದೇನು? ಅಂದೆ.
ಅದೇನ್ ಓದೋದ್ರಿ ಚಾಚಾ, ಹಸರು ಇದ್ದಲ್ಲಿ ಹೊಡಿಯೋದು,
ಅಂದವನ ಹೆಬ್ಬೆರಳು ಬಿದ್ದದ್ದು
ಸರಿಯಾಗಿ ಒತ್ತಿನ ಮೇಲೆ.

ಅವನು ಹೋದಮೇಲೆ ಗಾಜಿನ ಎಣ್ಣೆ ಒರೆಸಿದೆ,
ಅಂಗಿಯ ತುದಿಯಿಂದ.
ಕಾಲು ಅಲ್ಲೇ ಇತ್ತು.